ಪಾಲಿಟೆಕ್ನಿಕ್‌ನ ಅರ್ಥ ಹೇಳಿದವರು

ಅವರ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ. ಯಾವಾಗಲೋ ಲೇಥ್ ಯಂತ್ರ ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳಿನಿಂದ ಕಬ್ಬಿಣದ ತುಂಡನ್ನು ಸವರಿ, ಎಲ್ಲಿ ಉಬ್ಬಿದೆಯೆಂದು ಹೇಳಿಬಿಡುತ್ತಿದ್ದರು. ನಾನು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುವಾಗ ಅವರು ನಮ್ಮ ವರ್ಕ್‌ಶಾಪ್ ಮಾಸ್ತರು.

ಮೊದಲ ದಿನ ಹಲಗೆಯ ಮೇಲೆ ‘ಪಾಲಿಟೆಕ್ನಿಕ್’ ಎಂದು ಬರೆದು ಅರ್ಥ ಕೇಳಿದರು. ಮಿರಜ ಕಡೆಯವನೊಬ್ಬ ‘ತಂತ್ರನಿಕೇತನ’ ಎಂದ.

“ಅದು ಮರಾಠಿ ಬೋರ್ಡಿನ್ಯಾಗ ಬರಿಯೂ ಹೆಸರಾತು. ಪಾಲಿ ಅಂದ್ರ ಭಾಳ, ಟೆಕ್ನಿಕ್ ಅಂದ್ರ ಕಸುಬು. ಭಾಳ ಕಸುಬು ಕಲಿಸೂ ಜಾಗಾ ಇದು. ಎಂಜಿನಿಯರಿಂಗ್ ಸೀಟು ಸಿಗದವರ ಜಾಗಾ ಅಂತ ಯಾರರೆ ಅಂದ್ರ ತಲಿ ತಗ್ಗಸಬ್ಯಾಡ್ರಿ.”

ಯಾರಾದರೂ ಬರೇ ‘ಪಾಲಿ’ ಎಂದರೆ ತಡೆಯುತ್ತಿದ್ದರು. “ಪೂರಾ ಅನ್ರಿ. ಅರ್ಧಾ ಅಂದ್ರ ಅರ್ಧಾನ ಕಲ್ತಂಗ.”

ಒಂದು ವರ್ಷವಾದ ಮೇಲೆ ಅಪ್ಪ ನನ್ನನ್ನು ಕಾಲೇಜು ಬಿಡಿಸಲು ಹೊರಟರು. ಮಾಸ್ತರು ಬಸ್ಸು ಹತ್ತಿ ಶೇಡಬಾಳಕ್ಕೇ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. “ನಿಮ್ಮ ಮಗಳ ಕೈ ಅಳತಿ ತಪ್ಪೂದಿಲ್ರಿ. ಬಿಡಿಸಬ್ಯಾಡ್ರಿ,” ಎಂದರು. ಅಪ್ಪ ಒಪ್ಪಿದರು. ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಸೇರಿದೆ, ಕೆಲಸವೂ ಸಿಕ್ಕಿತು.

ಕಾಗವಾಡದ ದ್ರಾಕ್ಷಿ ತೋಟದ ಮನೆತನದಲ್ಲಿ ಸಂಬಂಧ ಕೂಡಿತು. ಹುಡುಗಿ ಪಿಯುಸಿಯಿಂದ ನೇರವಾಗಿ ಎಂಜಿನಿಯರಿಂಗ್ ಓದಿದವಳೆಂದು ಮಧ್ಯಸ್ಥರು ಹೇಳಿದ್ದರು. ನಾನು ತಿದ್ದಲಿಲ್ಲ. ಮದುವೆಗೆ ಬಂದ ಮಾಸ್ತರು ಮಾವನವರಿಗೆ ಕೈಮುಗಿದು, “ನಮ್ಮ ಪಾಲಿಟೆಕ್ನಿಕ್ ಹುಡುಗಿರಿ,” ಎಂದರು. ಮಾವ ನನ್ನ ಕಡೆ ನೋಡಿದರು.

“ನಮ್ಮ ಎಂಜಿನಿಯರಿಂಗ್ ಕಾಲೇಜಿನ್ಯಾಗ ಪ್ಯೂನ್ ಇದ್ರು,” ಎಂದೆ ನಾನು. “ನನ್ನ ಬ್ಯಾರೆ ಯಾರೋ ಅಂತ ತಿಳ್ಕೊಂಡಾರ.”

ಮಾಸ್ತರು ಅಲ್ಲೇ ನಿಂತಿದ್ದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಹೌದ್ರಿ, ವಯಸ್ಸಾತು. ಗುರ್ತು ತಪ್ಪಿತು,” ಎಂದರು. ಅಕ್ಷತೆ ಹಾಕಿ ಹೊರಟುಹೋದರು.

ಕ್ಷಮೆ ಕೇಳಲು ಮಾಸ್ತರ ಮನೆಗೆ ಹೋಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಗೋಡೆಯ ಮೇಲೆ ಅವರ ಫೋಟೋಕ್ಕೆ ಹಾರ ಹಾಕಿತ್ತು. ಅವರ ಹೆಂಡತಿ ನನ್ನ ಹೆಸರು ಕೇಳಿದ ಕೂಡಲೇ ಒಳಗೆ ಕರೆದರು. “ನಿನ್ನ ಲಗ್ನಕ್ಕ ಬಂದಿದ್ರಲ್ಲ. ಹುಡುಗಿಗಿ ಚಲೋ ಮನಿ ಸಿಕ್ಕೈತಿ ಅಂತ ಹೇಳಿದ್ರವಾ,” ಎಂದರು. ಕೊಟ್ಟ ಚಹಾ ಕುಡಿದು ಬಂದೆ.

ಮನೆಗೆ ಬಂದು ಮಾವನ ಮುಂದೆ ಎಲ್ಲವನ್ನೂ ಹೇಳಿದೆ.

“ಆವತ್ತ ಹೇಳಿದ್ರ,” ಎಂದರು ಅವರು, “ಅವರನ್ನ ನನ್ನ ಬಾಜೂಕ ಕುಂಡ್ರಿಸ್ಕೊಂಡು ಉಣ್ಣತಿದ್ನಲ್ಲ, ತಂಗಿ.”