ಉದಯಶಂಕರ್ ಹಿಡಿದ ಮೀನಿನ ಅಳತೆ

ರಾಮನಗರದಲ್ಲಿ ರೀಲರ್ ಎಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವನು. ರೀಲು ಬಿಡುವವನು ಎಂದರೆ ಸುಳ್ಳು ಹೇಳುವವನು. ಉದಯಶಂಕರ್ ಇಪ್ಪತ್ತೈದು ವರ್ಷದಿಂದ ರೀಲರ್ ಆಗಿದ್ದರು. ಮೀನು ಹಿಡಿಯುವ ಹುಚ್ಚು ಹತ್ತಿದ ಮೇಲೆ ಪಾಪ, ಎರಡನೆಯ ಪಟ್ಟವೂ ಸಿಕ್ಕಿತು.

ಅವರದು ಲಿಂಗ ಕಟ್ಟಿದ ಮನೆ, ಮೀನು ಹೊಸ್ತಿಲು ದಾಟುವಂತಿಲ್ಲ. ಹಿಡಿದದ್ದನ್ನೆಲ್ಲ ಅಲ್ಲೇ ಕೆರೆಗೆ ಬಿಟ್ಟು ಬರುತ್ತಿದ್ದರು. ಬರಿಗೈಲಿ ಬಂದವರ ಮಾತನ್ನು ಯಾರು ನಂಬುತ್ತಾರೆ? ಮೊಬೈಲಿನಲ್ಲಿ ಫೋಟೋ ತಂದು ತೋರಿಸಿದರೆ ಗೂಡಿನ ಮಾರುಕಟ್ಟೆಯ ಗೆಳೆಯ ಮನೋಹರ್ ಅದನ್ನು ಹಿಗ್ಗಿಸಿ ನೋಡಿ, "ಇದು ಜಿಲೇಬಿ ಮೀನಿನ ಮರಿ ಕಣ್ಲಾ. ರೀಲ್ ಬುಡ್ಬೇಡ," ಎನ್ನುತ್ತಿದ್ದರು. ಹೆಂಡತಿ ಚನ್ನಬಸಮ್ಮ ಇನ್ನೂ ಒಂದು ಕೈ ಮುಂದೆ: "ನೀವು ಕೆರೆ ತಾವ ನಿದ್ದೆ ಮಾಡ್ಕಂಡ್ ಬತ್ತೀರ." ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯನಿಗೆ ಇದು ನಿಜಕ್ಕೂ ನೋವಾಗುತ್ತಿತ್ತು.

ಒಂದು ದೊಡ್ಡ ಮುರ್ಲು ಹಿಡಿದು ಹೆಂಡತಿಯ ಕಣ್ಣೆದುರೇ ಎತ್ತಿ ತೋರಿಸಬೇಕೆಂದು ಪಣ ತೊಟ್ಟರು. ಮುರ್ಲು ಎಂದರೆ ತಾವರೆ ಎಲೆಯಡಿ ಹೊಂಚು ಹಾಕಿ ಕಪ್ಪೆ ನುಂಗುವ ಪೊಗದಸ್ತಾದ ಮೀನು. ಅದಕ್ಕೆ ತಕ್ಕ ಗಾಳದ ರಾಡು, ದಾರ ಸುತ್ತುವ ರೀಲು ಬೇಕಲ್ಲ? ಮೀನು ಹಿಡಿಯುವ ಸಾಮಾನು ಮಾರುವ ಶಾರುಖ್‌ನ ಅಂಗಡಿಗೆ ಹೋದರು.

ಶಾರುಖ್ ಹೆಣೆದ ದಪ್ಪ ದಾರ, ಸುಲಭಕ್ಕೆ ಬಗ್ಗದ ರಾಡು, ಗಿಡ್ಡನೆಯ ಗಟ್ಟಿ ರೀಲು ಮುಂದಿಟ್ಟ. "ಅಣ್ಣ, ರಬ್ಬರ್ ಕಪ್ಪೆ ಎಸೆಯಾಕೆ ಇದೇ ಸರಿ. ಮುರ್ಲು ಕಚ್ಚುದ್ ತಕ್ಷಣ ದಬಾಯ್ಸಿ ಎಳೀಬೇಕು. ಒಸಿ ಸಡಿಲ ಬುಟ್ರೂ ಬಳ್ಳಿಯೊಳಕ್ಕೆ ನುಗ್ಬುಡ್ತದೆ."

ಉದಯಶಂಕರ್ ದಾರವನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ ಮುಖ ಸಿಂಡರಿಸಿದರು. "ಇದೇನ್ ದನ ಕಟ್ಟೋ ಹಗ್ಗವಾ? ಎಳೆ ಅಂದ್ರೆ ಸಣ್ಣಕಿರ್ಬೇಕು. ಬಿಗಿ ಮಾಡುದ್ರೆ ಕಿತ್ತೋಯ್ತದೆ. ಇಪ್ಪತ್ತೈದು ವರ್ಷದಿಂದ ನಾನೂ ರೀಲ್ ತಿರುಗ್ಸಿವ್ನಿ."

"ಅದು ರೇಷ್ಮೆ ಕಣಣ್ಣ. ಗೂಡೊಳಗಿರೋ ಹುಳ ನಿಮ್ಮನ್ನ ವಾಪಸ್ ಎಳೆಯಲ್ಲ."

ಯಾರು ಕೇಳಬೇಕು? ಬಳುಕುವ ರಾಡು, ಕೂದಲೆಳೆಯಂಥ ದಾರ ಆರಿಸಿ, ರೀಲಿನ ತಿರುಪನ್ನು ಗೂಡು ಬಿಚ್ಚುವ ಹದಕ್ಕೆ ಸಡಿಲಿಸಿಕೊಂಡರು. ಭಾನುವಾರ ಬೆಳಿಗ್ಗೆ ಚನ್ನಬಸಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಚನ್ನಪಟ್ಟಣದ ಕಡೆಯ ಕೆರೆಗೆ ಹೊರಟರು. ಮೂರನೇ ಎಸೆತಕ್ಕೇ ಮುರ್ಲು ಎಲೆ ಸೀಳಿಕೊಂಡು ಬಂದು ಗಾಳದ ರಬ್ಬರ್ ಕಪ್ಪೆ ನುಂಗಿತು. ಉದಯಶಂಕರ್ ಹದವಾಗಿ, ಪ್ರೀತಿಯಿಂದ ದಾರ ಬಿಟ್ಟರು. ಮೀನು ಅಷ್ಟೇ ಹದವಾಗಿ ಬಳ್ಳಿಯೊಳಗೆ ಹೊಕ್ಕು, ದಾರ ಕಡಿದುಕೊಂಡು ತನ್ನ ದಾರಿ ಹಿಡಿಯಿತು. ಚನ್ನಬಸಮ್ಮನಿಗೆ ಕಂಡದ್ದು ನೀರಿನ ಗುಳ್ಳೆ ಮಾತ್ರ.

"ಕಪ್ಪೆ ಇರ್ಬೇಕು," ಎಂದರು.

ಮರುದಿನ ಉದಯಶಂಕರ್ ಮತ್ತೆ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಂತರು. "ಆ ದನದ ಹಗ್ಗಾನೇ ಕೊಡಪ್ಪ." ಶಾರುಖ್ ನಗಲಿಲ್ಲ, ಅದು ಅವನ ದೊಡ್ಡತನ. ರಾಡಿಗೆ ದಾರ ಪೋಣಿಸಿ, ತುದಿಯನ್ನು ಟವೆಲ್ ಸುತ್ತಿದ ಕೈಗೆ ಕಟ್ಟಿಕೊಂಡು, "ಈಗ ನನ್ನೇ ಎಳೀರಿ," ಎಂದ. ಉದಯಶಂಕರ್ ಎಳೆದರು. ಅವನು ಮುಗ್ಗರಿಸಿ ಎರಡು ಹೆಜ್ಜೆ ಮುಂದೆ ಬಂದ. ದಾರಕ್ಕೆ ಏನೂ ಆಗಲಿಲ್ಲ.

ಮುಂದಿನ ಭಾನುವಾರ ಅದೇ ಕೆರೆ. ಮುರ್ಲು ಕಚ್ಚಿತು. ಉದಯಶಂಕರ್ ಕಣ್ಣು ಮುಚ್ಚಿ, ಜೀವಮಾನದ ಅಭ್ಯಾಸವನ್ನೆಲ್ಲ ಬದಿಗೊತ್ತಿ, ದಬಾಯಿಸಿ ಎಳೆದರು. ಬಳ್ಳಿ ಸಮೇತ ಮೀನು ದಡಕ್ಕೆ ಬಂದು ಬಿತ್ತು. ಭರ್ತಿ ಎರಡು ಗೇಣು! ಚನ್ನಬಸಮ್ಮ ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದವರೇ, "ಅಯ್ಯೋ, ಉಸ್ರು ಕಟ್ತಾ ಐತೆ ಕಣ್ರೀ, ಬುಡ್ರೀ ಬೇಗ!" ಎಂದು ಕೂಗಿಕೊಂಡರು. ಫೋಟೋಗೂ ಪುರುಸೊತ್ತು ಕೊಡಲಿಲ್ಲ.

ವಾಪಸು ಬರುವಾಗ ಬೈಕಿನ ಹಿಂದಿನಿಂದ ಒಂದೇ ಮಾತು ಕೇಳಿಸಿತು. "ಇಷ್ಟ್ ದಿನ ಸುಮ್ಸುಮ್ನೆ ನಿಮ್ಮನ್ನ ಆಡ್ಕಂಡ್ಬುಟ್ಟೆ." ಉದಯಶಂಕರ್‌ಗೆ ಕಣ್ಣು ಮಂಜಾಯಿತು.

ಸಂಜೆ ಮನೆಗೆ ಬಂದ ಮನೋಹರ್ ಕಾಫಿ ಕುಡಿಯುತ್ತ, "ಏನ್ಲಾ, ಈ ವಾರದ್ದು ಎಷ್ಟ್ ಗೇಣು?" ಎಂದು ಕೆಣಕಿದರು. ಗಂಡ ಬಾಯಿ ತೆರೆಯುವ ಮೊದಲೇ ಚನ್ನಬಸಮ್ಮ ಅಡುಗೆಮನೆಯಿಂದ ಬಂದು ಎರಡೂ ತೋಳು ಚಾಚಿ ನಿಂತರು.

"ನಾನೇ ಕಣ್ಣಾರೆ ನೋಡಿವ್ನಿ ಕಣಣ್ಣ, ಇಷ್ಟುದ್ದ! ನನ್ನೇ ನುಂಗ್ಬುಡೋ ಹಂಗಿತ್ತು."

ಮನೋಹರ್ ಲೋಟ ಕೆಳಗಿಟ್ಟರು. "ತಪ್ಪಾಯ್ತು ಕಣ್ಲಾ ಉದಯ. ನಿನ್ನ ನಂಬ್ಬೇಕಿತ್ತು."

ಇಷ್ಟು ವರ್ಷ ಕಾದಿದ್ದ ಮಾತು. ಆದರೆ ಉದಯಶಂಕರ್‌ಗೆ ಹಾಳಾದ್ದು ಸುಮ್ಮನಿರಲು ಆಗಲಿಲ್ಲ.

"ಅಷ್ಟಿರ್ಲಿಲ್ಲ ಕಣ್ಲಾ. ಎರಡೇ ಗೇಣು."

"ಸುಮ್ಕಿರ್ಲಾ," ಎಂದರು ಮನೋಹರ್. "ಬಸಮ್ಮಕ್ಕ ಸುಳ್ಳೇಳ್ತಾರಾ?"