ಹಳದಿ ಫ್ರಾಕು

ನಿನ್ನಿ ಸೀರಿ ಅಂಗಡ್ಯಾಗ ಹೊಸ ಅರಿವಿ ವಾಸನಿ ಮೂಗಿಗೆ ಬಡಿದಕೂಡ್ಲೇ ನನ್ನ ಮಾರಿ ಬಿಗಿ ಆತು.

ಸಣ್ಣಾಕಿ ಇದ್ದಾಗ ಪಂಚಮಿ ಹಬ್ಬಕ್ಕ ಫ್ರಾಕ್ ತರಾಕ ಅಪ್ಪನ ಜೋಡಿ ಹಳೇ ಹುಬ್ಬಳ್ಳಿಗೆ ಹೋಗಿದ್ದೆ. "ಅಂಗಡಿಯವ ನಿನ್ನ ಮಾರಿ ನೋಡಿ ರೇಟ್ ಏರಸ್ತಾನ. ಎಷ್ಟ ಮನಸಿಗೆ ಸೇರಿದ್ರೂ ನಗಬ್ಯಾಡ," ಅಂತ ಅಪ್ಪ ಹೊರಗನ ತಾಕೀತು ಮಾಡಿದ್ದ.

ಅಂಗಡಿಯವ ಹಳದಿ ಫ್ರಾಕ್ ಬಿಚ್ಚಿ ಹಾಸಿದ. ಮುಟ್ಟಾಕ ಚಾಚಿದ ಕೈ ಹಿಂದಕ್ಕ ಎಳಕೊಂಡೆ.

"ಏನವ್ವಾ, ಬೇಕೇನು?" ಅಂತ ಬಗ್ಗಿ ನನ್ನ ಕಣ್ಣಾಗ ಕಣ್ಣಿಟ್ಟ. ಹಲ್ಲು ಕಚ್ಚಿ ಗ್ವಾಡಿ ನೋಡ್ಕೋತ ನಿಂತೆ. ರೇಟು ಇಳಿತು. ಮತ್ತ ಇಳಿತು.

ಅಪ್ಪ ಎದ್ದ. "ಬ್ಯಾಡ್ರಿ, ನಮ್ಮ ಹುಡುಗಿಗೆ ಸೇರಿಲ್ಲ."

ಇದೂ ಅಪ್ಪನ ಆಟ ಅನ್ಕೊಂಡು ಹೊರಳಿ ನೋಡದ ಹೊರಬಿದ್ದೆ. ಅಂಗಡಿಯವ ಕರೀತಾನಂತ ಓಣಿ ತುಂಬ ಕಿವಿ ಕೊಟ್ಟು ನಡದೆ. ಕರೀಲಿಲ್ಲ.

ಬಸ್ಸಿನ್ಯಾಗ ಅಪ್ಪ ಅಂದ: "ಛಲೋ ಆತು ಬಿಡು. ನನಗೂ ಆ ಹಳದಿ ಸೇರಿರಲಿಲ್ಲ."

"ಅವ್ವಾ, ನಿನಗ ಯಾವ ಸೀರಿ ಸೇರ್ತು, ಹೇಳ ಮತ್ತ!" ನಿನ್ನಿ ಅಂಗಡ್ಯಾಗ ಮಗಳು ಮತ್ತ ಮತ್ತ ಕೇಳಿದ್ಲು.

ನಾ ಗ್ವಾಡಿ ನೋಡಾಕತ್ತಿದ್ದೆ.