ಎಳೆಯುವುದನ್ನು ಬಿಟ್ಟ ಬ್ರೂನೊ

2023ರ ಜನವರಿ. ಮಣಿಪಾಲದ ಸುತ್ತಮುತ್ತ ಮನೆಮನೆಗೆ ಹೋಗಿ ನಾಯಿಗಳಿಗೆ ತರಬೇತಿ ಕೊಡುವ ಕೆಲಸದಲ್ಲಿ ನನಗದು ಹನ್ನೆರಡನೆಯ ವರ್ಷ. ನಾಯಿಯನ್ನು ನೋಡಿಯೇ ಮನೆಯವರ ಜಾತಕ ಹೇಳಬಲ್ಲೆ ಎಂಬ ಜಂಬ ಬೇರೆ ಇತ್ತು. ಆ ಜಂಬ ಇಳಿದದ್ದು ಕಲ್ಯಾಣಪುರದ ಒಂದು ಮನೆಯಿಂದ.

ಯಜಮಾನರು ವಾಲ್ಟರ್, ಗಲ್ಫ್‌ನಲ್ಲಿ ದುಡಿದು ಬಂದವರು. ಬೆಣ್ಣೆಯಂಥ ಮಾತು. ಅವರ ಬ್ರೂನೊ ಮೂರು ವರ್ಷದ, ಮೂವತ್ತೆರಡು ಕಿಲೋ ತೂಕದ ಲ್ಯಾಬ್ರಡಾರ್. ಬೆಲ್ಟ್ ಹಾಕಿದರೆ ಸಾಕು, ಹಿಡಿದವರ ತೋಳು ಕೀಳುವಂತೆ ಎಳೆಯುತ್ತಿದ್ದ.

"ಯಾರು ಹಿಡಿದರೂ ಸುಮ್ಮನೆ ಬರಬೇಕು ಮೇಡಂ. ಗಾಡಿ ಹತ್ತಿಸಿದರೂ ಗಲಾಟೆ ಮಾಡಬಾರದು. ಮುಖ್ಯವಾಗಿ ನಮ್ಮ ಎಲ್ಲಪ್ಪನ ಕೈಯಲ್ಲಿ" ಎಂದರು. ಎಲ್ಲಪ್ಪ ಬಾದಾಮಿ ಕಡೆಯಿಂದ ಬಂದು ಅವರ ತೋಟದ ಕೆಲಸ ಮಾಡಿಕೊಂಡಿದ್ದವನು. ತಮ್ಮ ಮಾತೊಂದನ್ನೇ ನಾಯಿ ಕೇಳಬೇಕೆನ್ನುವ ಯಜಮಾನರೇ ಹೆಚ್ಚು. ಇವರೆಷ್ಟು ದೊಡ್ಡ ಮನಸ್ಸಿನವರು ಎಂದುಕೊಂಡೆ, ಪೆದ್ದಿ!

ನಮ್ಮ ಕೆಲಸದಲ್ಲಿ ಇದಕ್ಕೆ ಲೂಸ್ ಲೀಡ್ ಎನ್ನುತ್ತೇವೆ. ಬೆಲ್ಟ್ ಬಿಗಿಯಾದ ಕ್ಷಣ ನಾವು ಕಂಬದ ಹಾಗೆ ನಿಲ್ಲಬೇಕು. ಸಡಿಲವಾದ ಕೂಡಲೇ ನಡೆಯಬೇಕು. ಎಡಗಾಲಿನ ಪಕ್ಕ ಬಂದರೆ ಒಂದು ಚೂರು ಬಿಸ್ಕತ್ತು. ಮೊದಲ ದಿನ ಗೇಟಿನಿಂದ ರಸ್ತೆಯ ತಿರುವಿಗೆ ತಲುಪಲು ನಲವತ್ತು ನಿಮಿಷ ಹಿಡಿಯಿತು. ಹದಿನೈದನೆಯ ದಿನ ಬ್ರೂನೊ ಬೀದಿನಾಯಿಗಳ ಮುಂದೆಯೂ ತಲೆ ಎತ್ತಿ, ಬೆಲ್ಟ್ ಜೋತುಬಿದ್ದಂತೆಯೇ ನಡೆದ. ಕೊನೆಯ ವಾರ ಪ್ರೂಫಿಂಗ್, ಅಂದರೆ ಬೇರೆ ಬೇರೆ ಜಾಗ, ಬೇರೆ ಬೇರೆ ಕೈಗಳಲ್ಲಿ ಪರೀಕ್ಷೆ. ಐದು ಜನರ ಕೈಗೆ ಬೆಲ್ಟ್ ಕೊಟ್ಟೆ. ಎಲ್ಲಪ್ಪನ ಜೊತೆ ಟೆಂಪೋ ಹತ್ತಿಸಿ ಇಳಿಸಿದ್ದೂ ನಾನೇ. ಅವನು ಮಾತ್ರ ಒಮ್ಮೆಯೂ ನಗಲಿಲ್ಲ.

ಮಾರ್ಚ್‌ನಲ್ಲಿ ಆ ದಾರಿಯಾಗಿ ಹೋಗುವಾಗ ಬ್ರೂನೊನನ್ನು ನೋಡೋಣವೆಂದು ಇಳಿದೆ. ಮನೆಗೆ ಬೀಗ. ಅಂಗಳದಲ್ಲಿ ಎಲ್ಲಪ್ಪ ಒಬ್ಬನೇ ಇದ್ದ. ಯಜಮಾನರು ಮಣಿಪಾಲದ ಫ್ಲ್ಯಾಟಿಗೆ ಹೋದರು ಎಂದ. ನಾಯಿ ಎಲ್ಲಿ ಎಂದು ಕೇಳಿದರೆ ತಲೆ ತಗ್ಗಿಸಿದ.

"ಅಕ್ಕಾರ, ನಾನಽ ದೂರ ಇನ್ನಂಜೆ ಊರಾಗ ಗದ್ದಿ ಹತ್ರ ಬಿಟ್ಟು ಬಂದೀನ್ರಿ. ನಾಲ್ಕು ದಿನ ಆತು. ಸಾಹೇಬ್ರು ಹೇಳಿದ್ರು. ನೀವು ಬರೂಕಿಂತ ಮೊದಲ ಎರಡು ಸಲ ಒಯ್ಯಾಕ ನೋಡಿದ್ವಿ. ಟೆಂಪೋ ಹತ್ರ ಹೋದ್ರ ಸಾಕು, ನನ್ನ ಎಳಕೊಂಡು ಹೊಳ್ಳಿ ಮನೀಗೇ ಓಡತಿತ್ತು. ಈ ಸಲ ಸುಮ್ನ ಬಂತ್ರಿ. ಬೆಲ್ಟ್ ಬಿಚ್ಚಿ ಕುಂದ್ರು ಅಂದೆ, ಕುಂತಿತು."

ಅಲ್ಲಿಂದಲೇ ವಾಲ್ಟರ್‌ಗೆ ಫೋನ್ ಮಾಡಿದೆ.

"ಫ್ಲ್ಯಾಟಲ್ಲಿ ನಾಯಿ ಸಾಕಲಿಕ್ಕೆ ಆಗುದಿಲ್ಲ ಮೇಡಂ. ನೀವು ಯಾಕೆ ಬೇಜಾರು ಮಾಡುದು? ಅದು ಒಂಚೂರೂ ಗಲಾಟೆ ಮಾಡದೆ ಹೋಯಿತಲ್ವಾ? ನೀವು ಚೆಂದ ಕಲಿಸಿದ್ದೀರಿ" ಎಂದರು. ಹೊಗಳಿಕೆಗೆ ಅಷ್ಟು ಅಸಹ್ಯ ಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಎಲ್ಲಪ್ಪನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಇನ್ನಂಜೆಗೆ ಹೋದೆ. ಗದ್ದೆಯ ಅಂಚಿನ ಮನೆಯ ಜಗಲಿಯಲ್ಲಿ ಹೆಂಗಸೊಬ್ಬರು ಮಲ್ಲಿಗೆ ಕಟ್ಟುತ್ತಿದ್ದರು. "ಆ ನಾಯಿಯಾ? ಅಲ್ಲೇ ಉಂಟು. ಅನ್ನ ಹಾಕಿದರೆ ತಿಂತದೆ, ಪುನಃ ಹೋಗಿ ಅಲ್ಲೇ ಕೂರ್ತದೆ ಮಾರಾಯ್ರೆ" ಎಂದು ಕೈ ತೋರಿಸಿದರು.

ಬ್ರೂನೊ ಸೊರಗಿದ್ದ. ನಮ್ಮನ್ನು ಕಂಡು ಎದ್ದ. ನನ್ನ ಹತ್ತಿರ ಬರಲಿಲ್ಲ. ನೇರ ಎಲ್ಲಪ್ಪನ ಬಳಿ ಹೋಗಿ, ಅವನ ಎಡಗಾಲಿನ ಪಕ್ಕ ನಾನು ಕಲಿಸಿದಂತೆಯೇ ನಿಂತು ಬಾಲ ಆಡಿಸಿದ. ಎಲ್ಲಪ್ಪ ಅಲ್ಲೇ ಕುಕ್ಕರಿಸಿ ಗಳಗಳನೆ ಅತ್ತ.

ಬ್ರೂನೊ ಈಗ ನನ್ನ ಮನೆಯಲ್ಲಿದ್ದಾನೆ. ವಾಲ್ಟರ್ ನನಗೆ ಮೋಸ ಮಾಡಿದರು, ನಾನು ಬ್ರೂನೊಗೆ. ಮನೆಗೆ ಮರಳಲು ಅವನ ಹತ್ತಿರ ಇದ್ದದ್ದು ಆ ಎಳೆಯುವ ಬಲವೊಂದೇ. ದಿನಕ್ಕೊಂದು ಬಿಸ್ಕತ್ತು ಕೊಟ್ಟು ಅದನ್ನು ಅವನಿಂದ ಕಿತ್ತುಕೊಂಡವಳು ನಾನು. ಈಗ ಯಾರೇ ಕರೆದರೂ ಮೊದಲ ದಿನ ಏನನ್ನೂ ಕಲಿಸುವುದಿಲ್ಲ. ಬೆಲ್ಟ್ ಹಿಡಿದು, ನಾಯಿ ಎತ್ತ ಎಳೆಯುತ್ತದೆಯೋ ಅತ್ತ ಸುಮ್ಮನೆ ಅದರ ಹಿಂದೆ ಹೋಗುತ್ತೇನೆ.